ಖಾಲಿ ಹೊಟ್ಟೆಯಲ್ಲಿ ಬನ್ನಿ

ಫೆಬ್ರವರಿ 10, ಸೋಮವಾರ

ಔಷಧಿ ಕಂಪನಿಯವರು ಕೊಟ್ಟ ಡೈರಿ ಒಂದು ತಿಂಗಳಿಂದ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಇವತ್ತು ತೆಗೆದೆ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ.

ಮೊದಲು ದಿನದ ಕೆಲಸ. ಹನ್ನೊಂದು ಜನ. ಏಳು ಮಂದಿಯ ಲಿವರ್ ಅಂಕಿ ಆರರ ಒಳಗೆ, ಮೂವರದು ಎಂಟರಿಂದ ಹತ್ತು. ಒಬ್ಬ ಮುದುಕರನ್ನು ವಾಪಸ್ ಕಳಿಸಿದೆ. ಎರಡು ಬಸ್ಸು ಹತ್ತಿ ಬಂದಿದ್ದೇನೆ ಎಂದು ಗೋಗರೆದರು. ಹತ್ತಿಳಿಯುವಾಗ ಬಾಯಿ ಸುಮ್ಮನಿರಬೇಕಿತ್ತು ಎಂದೆ.

ಆಸ್ಪತ್ರೆಯ ನನ್ನ ಸ್ಕ್ಯಾನ್ ಕೋಣೆಯ ಬಾಗಿಲ ಮೇಲೆ ‘ಖಾಲಿ ಹೊಟ್ಟೆಯಲ್ಲಿ ಬನ್ನಿ, ಮೂರು ಗಂಟೆ ಏನೂ ತಿನ್ನಬೇಡಿ’ ಎಂದು ದಪ್ಪ ಅಕ್ಷರದಲ್ಲಿ ನಾನೇ ಬರೆದು ಅಂಟಿಸಿದ್ದೇನೆ. ತಿಂದ ಮೇಲೆ ಲಿವರ್‌ಗೆ ರಕ್ತ ಹೆಚ್ಚು ನುಗ್ಗುತ್ತದೆ. ಆಗ ಅದು ಇರುವುದಕ್ಕಿಂತ ಗಟ್ಟಿ ಎಂದು ಯಂತ್ರ ತೋರಿಸುತ್ತದೆ. ಎಷ್ಟು ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೇ ನನ್ನದೊಂದು ಪದ್ಧತಿ ಇದೆ, ಮೂರು ಪ್ರಶ್ನೆ. ಎಷ್ಟು ಹೊತ್ತಿಗೆ ತಿಂದಿರಿ? ಏನು ತಿಂದಿರಿ? ಆಮೇಲೆ ದಾರಿಯಲ್ಲಿ ಬಾಯಿಗೆ ಏನು ಹಾಕಿಕೊಂಡಿರಿ? ಮೊದಲನೆಯದಕ್ಕೆ ಸಲೀಸಾಗಿ ಸುಳ್ಳು ಹೇಳುತ್ತಾರೆ, ಎರಡನೆಯದಕ್ಕೆ ತಡವರಿಸುತ್ತಾರೆ, ಮೂರನೆಯದಕ್ಕೆ ಸಿಕ್ಕಿಬೀಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ಈ ಮೂರನ್ನು ದಾಟಿ ಹೋದವರಿಲ್ಲ.

ಮಧ್ಯಾಹ್ನ ಎರಡಕ್ಕೆ ಅಣ್ಣ ಬಂದ. ಅವನು ಲಿಫ್ಟ್ ಮೆಕ್ಯಾನಿಕ್. ನಮ್ಮ ಆಸ್ಪತ್ರೆಯ ಎರಡು ಲಿಫ್ಟೂ ನಾನಿರುವ ಕಟ್ಟಡದ ಲಿಫ್ಟೂ ಅವನ ಕೈಯಲ್ಲೇ ಇವೆ. ಕೈಗೆ ಗ್ರೀಸ್ ಮೆತ್ತಿಕೊಂಡೇ ಒಳಗೆ ಬಂದು, “ಏನೇ ಮೆಣಸಿನಕಾಯಿ, ಖಾಲಿ ಕೂತಿದ್ದೀಯಾ? ನನಗೂ ಒಂದ್ಸಲ ಟಕ್ ಅನ್ಸು ನೋಡೋಣ” ಎಂದ. ನನ್ನ ಕೋಪಕ್ಕೆ ಅವನಿಟ್ಟ ಹೆಸರು ಅದು. ನಾನು ಆರು ವರ್ಷದವಳಿದ್ದಾಗಿನಿಂದ ಹಾಗೇ ಕರೆಯುತ್ತಾನೆ.

ತಮಾಷೆಗೆಂದೇ ಮಲಗಿಸಿದೆ. ಬಲಗೈ ತಲೆಯ ಹಿಂದೆ, ಪಕ್ಕೆಲುಬುಗಳ ನಡುವೆ ಜೆಲ್, ಅದರ ಮೇಲೆ ಯಂತ್ರದ ಪ್ರೋಬ್. ಬೆರಳಲ್ಲಿ ತಟ್ಟಿದ ಹಾಗೆ ಅದು ಮೆಲ್ಲಗೆ ತಟ್ಟುತ್ತದೆ. ಆ ತಟ್ಟು ಒಳಗೆ ಎಷ್ಟು ಬೇಗ ಓಡುತ್ತದೆ ಎಂದು ಅಲ್ಟ್ರಾಸೌಂಡ್ ಅಳೆಯುತ್ತದೆ. ಲಿವರ್ ಮೆತ್ತಗಿದ್ದರೆ ನಿಧಾನ, ಗಾಯ ಕಟ್ಟಿ ಕಟ್ಟಿ ಗಟ್ಟಿಯಾಗಿದ್ದರೆ ವೇಗ. ಸೂಜಿಯಿಲ್ಲ, ಕೊಯ್ಯುವುದಿಲ್ಲ. ಹತ್ತು ಸಲ ತಟ್ಟಿ ನಡುವಿನ ಅಂಕಿ ಹಿಡಿಯಬೇಕು. ಐದರ ಆಸುಪಾಸಿದ್ದರೆ ಚಿಂತೆಯಿಲ್ಲ. ಹದಿಮೂರು ದಾಟಿದರೆ ಇದೆ.

“ನಾನೂ ಇದೇ ಮಾಡೋದು” ಎಂದ ಅಣ್ಣ ಮಲಗಿದ್ದಲ್ಲಿಂದಲೇ. “ಸ್ಪ್ಯಾನರಲ್ಲಿ ತಟ್ಟಿ ಸದ್ದು ಕೇಳ್ತೀನಿ. ನಿನ್ನ ಮೆಷಿನ್‌ಗೆ ಕೋಟು ಹಾಕಿದ್ದಾರೆ, ನನಗೆ ಹಾಕಿಲ್ಲ, ಅಷ್ಟೆ.”

19.8.

ಒಂದು ಕ್ಷಣ ಯಂತ್ರವೇ ಕೆಟ್ಟಿರಬೇಕು ಎಂದುಕೊಂಡೆ. ಆಮೇಲೆ ಹೊಳೆಯಿತು. “ಊಟ ಮಾಡಿದ್ಯಾ?”

“ಈಗಷ್ಟೇ. ಕ್ಯಾಂಟೀನಲ್ಲಿ.”

“ಅದಕ್ಕೇ ಮತ್ತೆ! ಬಾಗಿಲ ಮೇಲೆ ಬರೆದಿರೋದು ಕಾಣಲ್ವಾ? ಇದು ಲೆಕ್ಕಕ್ಕಿಲ್ಲ. ಇನ್ನೊಂದಿನ ಏನೂ ತಿನ್ನದೆ ಬಾ.” ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಇಲ್ಲಿ ಬರೆದಿದ್ದೇನೆ.

ಫೆಬ್ರವರಿ 11, ಮಂಗಳವಾರ

ಒಂಬತ್ತು ಜನ. ಎಲ್ಲ ಸರಿ. ಒಬ್ಬರದು 11.2.

ಊಟದಿಂದ ಎಷ್ಟು ಏರಬಹುದು ಎಂದು ಪುಸ್ತಕ ತೆಗೆದು ನೋಡಿದೆ. ಎರಡು, ಮೂರು, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಎಂದಿದೆ. ಅಣ್ಣ ಊಟಕ್ಕೆ ಕೂತರೆ ಇಬ್ಬರ ಪಾಲು ಉಣ್ಣುವವನು. ಅವನಿಗೆ ಹೆಚ್ಚೇ ಏರಿರಬೇಕು.

ಫೆಬ್ರವರಿ 19, ಬುಧವಾರ

ಎಂಟು ಜನ, ಎರಡು ವಾಪಸ್.

ಬೆಳಗ್ಗೆ ಎಂಟೂವರೆಗೇ ಅಣ್ಣ ಬಂದ. ಹತ್ತು ತಟ್ಟಿಗೂ ಅಂಕಿಗಳು ಒಂದರ ಪಕ್ಕ ಒಂದು ನಿಂತವು, ಚೆಲ್ಲಾಪಿಲ್ಲಿ ಇಲ್ಲ. 20.6. ನಾನು ಬಾಯಿ ತೆರೆಯುವ ಮೊದಲೇ ಅವನು ನಾಲಿಗೆ ಕಚ್ಚಿಕೊಂಡ.

“ಬೈಬೇಡ. ಗೇಟ್ ಹತ್ರ ಎರಡು ಬನ್ ತಿಂದ್ಬಿಟ್ಟೆ. ಘಮ್ ಅಂತಿತ್ತು, ಹೊಟ್ಟೆ ಕೇಳಬೇಕಲ್ಲ.”

ಚೆನ್ನಾಗಿ ಉಗಿದೆ. ಐವತ್ತೆರಡು ವರ್ಷ ಆಯಿತು, ಎರಡು ಬನ್ನಿನ ಮುಂದೆ ಬುದ್ಧಿ ನಿಲ್ಲುವುದಿಲ್ಲವೇ ಎಂದೆ. ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ನಗುತ್ತಲೇ ಇದ್ದ. “ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರೆಲ್ಲ ದೇವರನ್ನ ಕರೀತಾರೆ, ಬರೋದು ನಾನು. ದೇವರಿಗೆ ಬನ್ ತಿನ್ನೋಕೂ ಬಿಡಲ್ವಲ್ಲೇ ನೀನು.”

ಕೋಪ ಬಂದಿತ್ತು ನಿಜ. ಆದರೂ ಬಹಳ ದಿನದ ಮೇಲೆ ಇವತ್ತು ಕೆಲಸ ಹಗುರಾಗಿ ಸಾಗಿತು.

ಮಾರ್ಚ್ 12, ಬುಧವಾರ

ಹನ್ನೆರಡು ಜನ. ಮೂರು ವಾಪಸ್.

ಅಣ್ಣ ಮೂರನೇ ಸಲ ಬಂದ. ಈ ಸಲ ಬಿಸ್ಕತ್ತು ಅದ್ದಿಕೊಂಡು ಟೀ ಕುಡಿದು ಬಂದನಂತೆ. 22.1. ಮತ್ತೆ ಲೆಕ್ಕಕ್ಕಿಲ್ಲ. ಹೇಳಿ ಹೇಳಿ ನನ್ನ ಬಾಯಿ ನೋವು.

ರಿಸೆಪ್ಷನ್ನಿನ ಹುಡುಗಿಯನ್ನು ನಾವೆಲ್ಲ ಗುಬ್ಬಿ ಎನ್ನುತ್ತೇವೆ. ಅವಳ ಕಣ್ಣಿಗೆ ಏನೂ ತಪ್ಪುವುದಿಲ್ಲ. ಅವನು ಹೋದ ಮೇಲೆ ಬಾಗಿಲಲ್ಲಿ ನಿಂತು, “ಅಕ್ಕ, ಬೇರೆಯವರು ತಿಂದು ಬಂದಿದ್ದು ಸ್ಕ್ಯಾನ್ ಆದ್ಮೇಲೆ ಗೊತ್ತಾದ್ರೂ ಹದಿನೈದು ದಾಟಿದ್ರೆ ಡಾಕ್ಟರ್ ಮೇಡಂ ಹತ್ರ ಕಳಿಸ್ತೀರಲ್ವಾ?” ಎಂದಳು.

ನಿನ್ನ ಕೆಲಸ ನೀನು ನೋಡಿಕೋ ಎಂದೆ. ಅವಳ ಮುಖ ಚಿಕ್ಕದಾಯಿತು. ಎಲ್ಲರ ಮನೆ ದೋಸೆಯೂ ತೂತೇ ಎಂದು ಆ ವಯಸ್ಸಿಗೇ ತೂತು ಹುಡುಕಲು ಹೊರಟರೆ ಹೀಗೇ ಆಗುವುದು.

ಏಪ್ರಿಲ್ 24, ಗುರುವಾರ

ನಡುವೆ ಬರೆಯಲಿಲ್ಲ. ಕೆಲಸ ಜಾಸ್ತಿ ಇತ್ತು.

ಇವತ್ತು ಅತ್ತಿಗೆ ಆಸ್ಪತ್ರೆಗೇ ಬಂದರು. ಅತ್ತಿಗೆಯದು ಹೊಲಿಗೆ ಅಂಗಡಿ. ಕೆಲಸದ ದಿನ ಬಾಗಿಲು ಹಾಕಿ ಬರುವವರಲ್ಲ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ನನ್ನ ಕುರ್ಚಿಯಲ್ಲಿ ಕೂತು, ಅಣ್ಣನ ಪ್ಯಾಂಟುಗಳನ್ನು ಎರಡು ಸಲ ಬಿಗಿ ಮಾಡಿ ಹೊಲಿದೆ ಎಂದರು. ತೊಡೆಯ ಹತ್ತಿರ ಅರಿವೆ ಜೋಲುತ್ತಿದೆಯಂತೆ, ಸೊಂಟದಲ್ಲಿ ಮಾತ್ರ ಗುಂಡಿ ಕೂರುವುದಿಲ್ಲವಂತೆ. ಟೇಪು ಹಿಡಿಯುವವರ ಕಣ್ಣು, ಸುಳ್ಳಾಗುವುದಿಲ್ಲ.

“ಜನವರಿಯಿಂದ ಬೆಳಗ್ಗೆ ಹೊತ್ತು ಬಾಯಿಗೆ ಏನೂ ಹೋಗಲ್ಲ ಕಣೇ. ವಾಕರಿಕೆ ಅಂತಾರೆ. ಮಧ್ಯಾಹ್ನ ಅಷ್ಟೋ ಇಷ್ಟೋ ತಿಂತಾರೆ. ಒಂದು ಚೂರು ಬ್ರೆಡ್ ತಿನ್ಸೋಕೆ ನಾನು ಕಾಲಿಗೆ ಬೀಳೋದೊಂದು ಬಾಕಿ. ನಿನ್ನ ಮೆಷಿನಲ್ಲಿ ಒಂದ್ಸಲ ನೋಡಿಸಬಹುದಾ?”

ನೋಡೋಣ ಅತ್ತಿಗೆ, ಕಳಿಸಿ ಎಂದೆ. ಮೂರು ಸಲ ನೋಡಿ ಆಗಿದೆ ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

ಅವರು ಹೋದ ಮೇಲೆ ಈ ಡೈರಿ ತೆಗೆದು ಹಿಂದಿನ ಪುಟ ನೋಡಿದೆ. ಬೆಳಗ್ಗೆ ಎಂಟೂವರೆ, ಗೇಟಿನ ಹತ್ತಿರ ಎರಡು ಬನ್. ನಮ್ಮ ಗೇಟಿನ ಹತ್ತಿರ ಬನ್ ಮಾರುವವರೇ ಇಲ್ಲ. ಹಣ್ಣಿನ ಗಾಡಿ ಒಂದು, ಹೂವಿನ ಅಂಗಡಿ ಒಂದು. ಹದಿನಾಲ್ಕು ವರ್ಷದಿಂದ ಅದೇ ಗೇಟಿನಲ್ಲಿ ಒಳಗೆ ಬರುತ್ತಿದ್ದೇನೆ.

ಅವನಿಗೆ ಮಾತ್ರ ನಾನು ಎರಡನೇ ಪ್ರಶ್ನೆ ಕೇಳಿರಲಿಲ್ಲ.

ಏಪ್ರಿಲ್ 25, ಶುಕ್ರವಾರ

ಅಣ್ಣ ಆಸ್ಪತ್ರೆಯ ತಾರಸಿಯ ಮೇಲೆ ಲಿಫ್ಟಿನ ಮೋಟಾರು ಕೋಣೆಯಲ್ಲಿದ್ದ. ಸ್ಟೂಲಿನ ಮೇಲೆ ಕೂತು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಕೆಲಸದ ಹೊತ್ತಿನಲ್ಲಿ ಅವನು ಕೂತಿದ್ದನ್ನೇ ನಾನು ನೋಡಿಲ್ಲ.

“ಯಾಕೆ ಸುಳ್ಳು ಹೇಳಿದೆ?” ಎಂದೆ.

ಯಾವ ಸುಳ್ಳು ಎಂದು ಅವನು ಕೇಳಲಿಲ್ಲ. ಹಳೇ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

“ಮೊದಲ್ನೇ ಸಲ ನಿಜವಾಗ್ಲೂ ತಿಂದಿದ್ದೆ ಕಣೇ. ಆ ನಂಬರ್ ನೋಡಿ ನಿನ್ನ ಮುಖದಲ್ಲಿ ರಕ್ತ ಇರಲಿಲ್ಲ. ಊಟ ಮಾಡಿದ್ದೀನಿ ಅಂದೆ ನೋಡು, ವಾಪಸ್ ಬಂತು. ಎರಡನೇ ಸಲವೂ ಮುಖ ಹಂಗೇ ಆಯ್ತು. ಬಾಯಿಗೆ ಬನ್ ಬಂತು, ಹೇಳ್ದೆ.”

“ಮೂರನೇ ಸಲ?”

“ಮೂರನೇ ಸಲ ನೀನೇ ಕೇಳಿದ್ದು, ತಿಂದಿದ್ದೀಯಾ ತಾನೇ ಅಂತ. ಹೂಂ ಅನ್ನದೆ ಏನನ್ನಲಿ?”

ಹೌದು. ನಾನು ಹಾಗೆಯೇ ಕೇಳಿದ್ದೆ. ಇಲ್ಲಿ ಅದನ್ನು ಬರೆದಿಲ್ಲ.

ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಜೀವ ಪಣಕ್ಕಿಟ್ಟು ನನ್ನ ಮುಖ ಕಾಪಾಡುತ್ತೀಯಾ, ನಿನ್ನಂಥ ಮೂರ್ಖ ಇನ್ನೊಬ್ಬನಿಲ್ಲ ಎಂದೆ. ಮೋಟಾರಿನ ಗದ್ದಲದಲ್ಲಿ ಅರ್ಧ ಅವನಿಗೆ ಕೇಳಿಸಿರಲಾರದು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅವನು ಗ್ರೀಸಿನ ಕೈಯಲ್ಲಿ ತಲೆ ಸವರಲು ಬಂದವನು, ನನ್ನ ಬಿಳಿ ಕೋಟು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ.

ಮಧ್ಯಾಹ್ನವೇ ಮೇಡಂ ಹತ್ತಿರ ಕರೆದುಕೊಂಡು ಹೋದೆ.

ಮೇ 2, ಶುಕ್ರವಾರ

ಎಲ್ಲ ಪರೀಕ್ಷೆಯೂ ಬಂತು. ಲಿವರ್ ಪೂರ್ತಿ ಗಂಟುಗಂಟು. ಬಲಭಾಗದಲ್ಲಿ ಆರು ಸೆಂಟಿಮೀಟರಿನ ಕ್ಯಾನ್ಸರ್ ಗಡ್ಡೆ, ಅದು ರಕ್ತನಾಳದೊಳಗೂ ಹೊಕ್ಕಿದೆ. ಕೊಯ್ದು ತೆಗೆಯುವ ಹಾಗಿಲ್ಲ. ಮಾತ್ರೆ ಇದೆ, ಸ್ವಲ್ಪ ದಿನ ತಡೆಯಬಹುದು.

ಅವನು ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟಿದವನಲ್ಲ. ಹುಟ್ಟುವಾಗಲೇ ಅಮ್ಮನಿಂದ ಬಂದ ವೈರಸ್ಸು, ಐವತ್ತು ವರ್ಷ ಸದ್ದಿಲ್ಲದೆ ಒಳಗೆ ಕೂತಿತ್ತು. ಹನ್ನೊಂದು ವರ್ಷದ ನಂತರ ಅದೇ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಬರಲಿಲ್ಲ.

ಅಣ್ಣನನ್ನು ಹೊರಗೆ ಕೂರಿಸಿ, ಮೂರು ಸಲದ ಅಂಕಿ, ಮೂರು ತಾರೀಖು, ಎಲ್ಲ ಮೇಡಂಗೆ ಒಪ್ಪಿಸಿದೆ. ಅವರು ಮೂರನ್ನೂ ಫೈಲಿನಲ್ಲಿ ಬರೆದುಕೊಂಡರು.

“ಫೆಬ್ರವರಿಯಲ್ಲೇ ಬಂದಿದ್ರೆ ಏನಾದ್ರೂ ಆಗ್ತಿತ್ತಾ ಮೇಡಂ?”

“ಗೊತ್ತಿಲ್ಲಮ್ಮ. ಆಗ್ತಿತ್ತು ಅಂದ್ರೂ ಸುಳ್ಳಾಗುತ್ತೆ, ಆಗ್ತಿರಲಿಲ್ಲ ಅಂದ್ರೂ ಸುಳ್ಳಾಗುತ್ತೆ.”

ಬೈದಿದ್ದರೆ ಚೆನ್ನಾಗಿತ್ತು.

ಮೇ 3, ಶನಿವಾರ

ಕೆಲಸಕ್ಕೆ ಹೋಗಿ ಬಂದೆ.

ಮೇ 20, ಮಂಗಳವಾರ

ಅಣ್ಣ ಮನೆಯಲ್ಲೇ ಇದ್ದಾನೆ. ಕಂಪನಿಯವರು ಬೇರೆ ಮೆಕ್ಯಾನಿಕ್ ಕಳಿಸಿದ್ದಾರೆ. ಆ ಹೊಸಬನಿಗೆ ಎರಡನೇ ಲಿಫ್ಟಿನ ಬಾಗಿಲು ಸರಿಯಾಗಿ ಕೂರಿಸಲು ಬರುವುದಿಲ್ಲ ಎಂದು ಹೇಳಿದೆ. ಅಣ್ಣನಿಗೆ ಆದ ಖುಷಿ ಅಷ್ಟಿಷ್ಟಲ್ಲ. ದಿಂಬಿಗೆ ಒರಗಿ, ಯಾವ ಸ್ಕ್ರೂ ಎಷ್ಟು ತಿರುಗಿಸಬೇಕು ಎಂದು ಅರ್ಧ ಗಂಟೆ ಹೇಳಿದ. ನಾನು ಬರೆದುಕೊಂಡೆ. ಬಾಗಿಲು ಚೆನ್ನಾಗಿಯೇ ಕೂರುತ್ತಿದೆ, ಅವನಿಗೆ ಅದು ಗೊತ್ತಾಗಬೇಕಾಗಿಲ್ಲ.

ಅತ್ತಿಗೆ ಒಳಗೆ ಹೋದಾಗ ದನಿ ತಗ್ಗಿಸಿದ. “ಆ ಮೂರು ಸಲದ ವಿಷಯ ಅವಳಿಗೆ ಹೇಳ್ಬೇಡ.”

“ಯಾಕೆ?”

“ನಿನ್ನ ಮೇಲೆ ಸಿಟ್ಟಾಗ್ತಾಳೆ. ಮಕ್ಕಳಿಲ್ಲ ಮರಿಯಿಲ್ಲ. ನಾನು ಹೋದ್ಮೇಲೆ ಅವಳಿಗೆ ನೀನು, ನಿನಗೆ ಅವಳು. ಇನ್ಯಾರಿದ್ದಾರೆ ಹೇಳು.”

ಹೂಂ ಎಂದೆ.

ಜೂನ್ 19, ಗುರುವಾರ

ಹೊಟ್ಟೆಯಲ್ಲಿ ನೀರು ತುಂಬಿದೆ. ತೆಗೆಸಲು ಕರೆತಂದಿದ್ದೆವು. ವಾರ್ಡಿಗೆ ಹೋಗುವ ಮೊದಲು, “ನಿನ್ನ ಕೋಣೆಗೆ ಕರ್ಕೊಂಡು ಹೋಗೇ, ಒಂದ್ಸಲ ಟಕ್ ಅನ್ಸು” ಎಂದ. ಅತ್ತಿಗೆ ಚೀಟಿ ಮಾಡಿಸಲು ಹೋಗಿದ್ದರು.

ನೀರಿದ್ದರೆ ಆ ತಟ್ಟು ಲಿವರ್ ಮುಟ್ಟುವುದಿಲ್ಲ, ಅದು ನನಗೆ ಗೊತ್ತಿತ್ತು. ಆದರೂ ಮಲಗಿಸಿದೆ. ಬಲಗೈ ತಲೆಯ ಹಿಂದಕ್ಕೆ ಹೋಗಲಿಲ್ಲ, ನಾನೇ ಎತ್ತಿ ಹಿಡಿದೆ. ಜೆಲ್ ತಣ್ಣಗಿರುತ್ತದೆ ಎಂದು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚಿದೆ. ಎಷ್ಟು ಸಲ ತಟ್ಟಿದರೂ ಪರದೆಯಲ್ಲಿ ಅಂಕಿ ಮೂಡಲಿಲ್ಲ.

“ಏನಂತೆ?”

“ಏನೂ ಹೇಳ್ತಿಲ್ಲ ಅಣ್ಣ.”

“ಪರವಾಗಿಲ್ವೇ, ನಿನಗಿಂತ ಮರ್ಯಾದಸ್ಥ ಮೆಷಿನ್ನು” ಎಂದ. ನಗಲು ಹೋಗಿ ಕೆಮ್ಮು ಬಂತು.

ಜೆಲ್ ಒರೆಸಿದ ಮೇಲೂ ಕೈಯನ್ನು ಅಲ್ಲೇ ಇಟ್ಟಿದ್ದೆ. ಅವನು ಕಣ್ಣು ಮುಚ್ಚಿ ಮಲಗಿದ್ದ. ಹೊರಗೆ ಕಾಯುತ್ತಿದ್ದವರಿಗೆ ಗುಬ್ಬಿ ಏನೋ ಹೇಳಿ ಸಮಾಧಾನ ಮಾಡಿದಳು.

ಜುಲೈ 8, ಮಂಗಳವಾರ

ಒಂದು ಅಜ್ಜಿ ತಿಂದುಕೊಂಡು ಬಂದಿತ್ತು. ದೂರದ ಊರಿನದು. ನನ್ನ ಕುರ್ಚಿಯಲ್ಲೇ ಮೂರು ಗಂಟೆ ಕೂರಿಸಿದೆ. ಸೊಸೆಯ ಮೇಲೆ ಮೂರು ಗಂಟೆಯೂ ದೂರು ಹೇಳಿತು. ಬಿಸ್ಕತ್ತಿನ ಡಬ್ಬಿ ಖಾಲಿಯಾಗಿದೆ, ಪರೀಕ್ಷೆ ಮುಗಿಸಿದವರಿಗೆ ಕೊಡಲು ನಾಳೆ ತರಬೇಕು.

ಸಂಜೆ ಅಣ್ಣನ ಮನೆಗೆ ಹೋಗಿದ್ದೆ. ನನ್ನ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ, “ಮೆಣಸಿನಕಾಯಿ, ಯಾವ ಮಹಡಿ?” ಎಂದು ಕೇಳಿದ. ನಾಲ್ಕನೆಯದು ಎಂದೆ. ಗಾಳಿಯಲ್ಲಿ ಬೆರಳಿಟ್ಟು ಒತ್ತಿದ.

ಆಗಸ್ಟ್ 6, ಬುಧವಾರ

ಅಣ್ಣ ಹೋದ. ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ. ಕೈ ಹಿಡಿದುಕೊಂಡಿದ್ದೆ. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿನ ಕಪ್ಪು ಇತ್ತು.

ಆಗಸ್ಟ್ 23, ಶನಿವಾರ

ನಮ್ಮ ಕಟ್ಟಡದ ಲಿಫ್ಟ್ ಹತ್ತಲು ಆಗುತ್ತಿಲ್ಲ. ಒಳಗೆ ಅವನ ಸಹಿಯಿರುವ ಸರ್ವಿಸ್ ಕಾರ್ಡು ನೇತಾಡುತ್ತಿದೆ. ಮೆಟ್ಟಿಲು ಹತ್ತಿ ಇಳಿಯುತ್ತೇನೆ.

ಇವತ್ತು ಅತ್ತಿಗೆಯ ಮನೆಗೆ ಹೋದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದರು, ಹೊಲಿಯುತ್ತಿರಲಿಲ್ಲ. ಅಣ್ಣನ ಪ್ಯಾಂಟೊಂದು ಮಡಿಲಲ್ಲಿತ್ತು, ಬಿಗಿ ಮಾಡಿದ ಹೊಲಿಗೆಯನ್ನು ಬಿಚ್ಚುತ್ತಿದ್ದರು.

“ಜನವರಿಯಲ್ಲೇ ಅಳತೆ ಕಮ್ಮಿ ಆಗಿತ್ತು ಕಣೇ. ನನ್ನ ಕೈಯಲ್ಲೇ ಟೇಪ್ ಇತ್ತು. ವಯಸ್ಸಾಯ್ತು, ಅದಕ್ಕೇ ಅಂತ ಅಂದ್ಕೊಂಡು ಹೊಲಿದು ಕೊಟ್ಟೆ. ನಾನು ಆವಾಗ್ಲೇ ನಿನ್ನ ಹತ್ರ ಬಂದಿದ್ರೆ ಅವರು ಇರ್ತಿದ್ರು. ನನ್ನ ಕೈಯಾರೆ ನಾನೇ ಕಳ್ಕೊಂಡೆ.”

ಹದಿನೇಳು ದಿನದಿಂದ ಇದನ್ನೇ ಹೇಳುತ್ತಿದ್ದಾರಂತೆ, ಪಕ್ಕದ ಮನೆಯವರು ಹೇಳಿದರು. ಅಣ್ಣನಿಗೆ ಹೂಂ ಎಂದಿದ್ದೆ. ಆದರೆ ನಾನು ಹೊರಬೇಕಾದದ್ದನ್ನು ಅತ್ತಿಗೆಯ ಹೆಗಲ ಮೇಲೆ ನೋಡಿಕೊಂಡು ಕೂರುವುದು ಹೇಗೆ? ಹೇಳಿಬಿಟ್ಟೆ. ಮೂರು ಸಲ, ಮೂರು ಅಂಕಿ, ಬನ್ನು, ಬಿಸ್ಕತ್ತು, ತಿಂದಿದ್ದೀಯಾ ತಾನೇ ಎಂದು ಕೇಳಿದ್ದು, ಏಪ್ರಿಲಿನಲ್ಲಿ ಅವರೇ ಬಂದಾಗಲೂ ಬಾಯಿ ಬಿಡದೆ ಇದ್ದದ್ದು.

ಅತ್ತಿಗೆ ಅಳಲಿಲ್ಲ. ಪ್ಯಾಂಟನ್ನು ಮಡಚಿ ಪಕ್ಕಕ್ಕಿಟ್ಟರು.

“ನೀವಿನ್ನು ಹೊರಡಿ” ಎಂದರು.

ಇಪ್ಪತ್ತಾರು ವರ್ಷದಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಕರೆದದ್ದು ಇದೇ ಮೊದಲು.

ಸೆಪ್ಟೆಂಬರ್ 5, ಶುಕ್ರವಾರ

ಫೋನು ಮಾಡಿದರೆ ಅತ್ತಿಗೆ ಎತ್ತುವುದಿಲ್ಲ. ಅಂಗಡಿಯ ಮುಂದೆ ಹಾದು ಬಂದೆ. ಬಾಗಿಲು ತೆರೆದಿತ್ತು, ಯಂತ್ರದ ಸದ್ದು ಕೇಳಿಸುತ್ತಿತ್ತು. ಕೆಲಸ ಶುರು ಮಾಡಿದ್ದಾರೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಗುಬ್ಬಿಗೆ, ಮಾರ್ಚಿನಲ್ಲಿ ನೀನು ಹೇಳಿದ್ದು ಸರಿ ಎಂದೆ. ಅವಳು ನನಗಿಂತ ಮೊದಲು ಅತ್ತಳು. ಇನ್ನು ಮೇಲೆ ನನ್ನ ಮನೆಯವರು ಯಾರೇ ಬಂದರೂ ಬೇರೆ ಟೆಕ್ನಿಷಿಯನ್ನೇ ನೋಡಬೇಕು ಎಂದು ಬರೆದು ಮೇಡಂಗೆ ಕೊಟ್ಟಿದ್ದೇನೆ. ಮನೆಯವರು ಎಂದರೆ ಇನ್ನು ಯಾರು ಎಂದು ಬರೆದ ಮೇಲೆ ಹೊಳೆಯಿತು.

ಅಣ್ಣ ಸರಿಯಾಗಿಯೇ ಹೇಳಿದ್ದ. ಅವನ ಮಾತು ಮೀರಿ ಅವನು ಬಿಟ್ಟುಹೋದದ್ದನ್ನೂ ಕಳೆದುಕೊಂಡೆ. ಆದರೂ ಹೇಳಬಾರದಿತ್ತು ಎಂದು ಅನಿಸುವುದಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಮಧ್ಯಾಹ್ನ ಎರಡಕ್ಕೆ ಫೋನು ಬಂತು. ಅತ್ತಿಗೆ. ಹಲೋ ಎಂದೆ. ಅವರ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ಅದು ನಿಂತಿತು.

“ಊಟ ಆಯ್ತಾ?”

“ಆಯ್ತು ಅತ್ತಿಗೆ.”

“ಎಷ್ಟೊತ್ತಿಗೆ?”

“ಒಂದು ಗಂಟೆಗೆ.”

“ಏನು ತಿಂದೆ?”

ತಡವರಿಸಿದೆ. ಒಲೆಯ ಮೇಲೆ ಏನೂ ಇರಲಿಲ್ಲ, ನಿನ್ನೆಯಿಂದ ಇಲ್ಲ.

“ನಿನ್ನ ಮೇಲಿನ ಸಿಟ್ಟು ಹೋಗಿಲ್ಲ” ಎಂದರು ಅತ್ತಿಗೆ. “ಹೋಗುತ್ತೋ ಇಲ್ವೋ ಅದೂ ಗೊತ್ತಿಲ್ಲ. ಇಬ್ಬರಿಗೆ ಮಾಡಿ ಅಭ್ಯಾಸ, ಇವತ್ತೂ ಹಂಗೇ ಮಾಡ್ಬಿಟ್ಟಿದ್ದೀನಿ. ಒಬ್ಬಳೇ ಕೂತು ಉಣ್ಣೋಕೆ ಆಗ್ತಿಲ್ಲ ಕಣೇ. ದಾರೀಲಿ ಏನೂ ಬಾಯಿಗೆ ಹಾಕ್ಕೋಬೇಡ. ಖಾಲಿ ಹೊಟ್ಟೇಲೇ ಬಾ.”

ಹೊರಡಬೇಕು. ತಲೆ ಸುತ್ತಬಾರದೆಂದು ಒಂದು ಬಿಸ್ಕತ್ತು ಕೈಗೆ ತೆಗೆದುಕೊಂಡಿದ್ದೆ, ವಾಪಸ್ ಡಬ್ಬಿಗೆ ಹಾಕಿದೆ. ಲಿಫ್ಟಿನಲ್ಲೇ ಇಳಿಯುತ್ತೇನೆ, ಅವರು ಕಾಯುತ್ತಿದ್ದಾರೆ.